ಆಪತ್ತಿನ ಉಪಕರಣಗಳ ಬ್ಯಾಟರಿ: ಈ ಮಳೆಗಾಲದಲ್ಲೇ ನೋಡಿ, ಬದಲಿಸಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕಾರವಾರದ ಬೈತಖೋಲದಿಂದ ಹಿಡಿದು ತದಡಿ, ಹೊನ್ನಾವರ, ಭಟ್ಕಳದವರೆಗೆ ಈ 61 ದಿನ ದುರಸ್ತಿಯ ಕಾಲ. ಎಂಜಿನ್ ಬಿಚ್ಚುತ್ತಾರೆ, ಬಲೆ ಸರಿಮಾಡುತ್ತಾರೆ, ತಳಕ್ಕೆ ಬಣ್ಣ ಹೊಡೆಯುತ್ತಾರೆ. ಆದರೆ ಲೈಫ್ ಜಾಕೆಟ್ಟಿನ ಪುಟ್ಟ ದೀಪ, ವೀಲ್‌ಹೌಸಿನ ಗೋಡೆಗೆ ಸಿಕ್ಕಿಸಿದ ಆಪತ್ಸಂದೇಶದ ಪೆಟ್ಟಿಗೆ, ಡ್ರಾವರಿನಲ್ಲಿ ಬಿದ್ದಿರುವ ಟಾರ್ಚು, ಇವುಗಳ ಬ್ಯಾಟರಿಯ ಕಡೆ ಯಾರ ಕೈಯೂ ಹೋಗುವುದಿಲ್ಲ. ಘಟ್ಟದ ಮೇಲೂ ಅದೇ ಕಥೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಮಳೆಗಾಲಕ್ಕೆಂದು ಕಟ್ಟಿಗೆ ಒಟ್ಟಿ, ಹಪ್ಪಳ ಒಣಗಿಸಿ, ಅಡಿಕೆಗೆ ಮದ್ದು ಹೊಡೆಯುವ ತಯಾರಿ ಆಗುತ್ತದೆ. ಮೂರು ದಿನ ಕರೆಂಟು ಹೋದಾಗ ಟಾರ್ಚಿನ ಸೆಲ್ಲು ಸೋರಿ ಅಂಟಿಕೊಂಡಿದ್ದು ಗೊತ್ತಾಗುತ್ತದೆ.

ಉಪಕರಣವೇ ಇಲ್ಲದಿದ್ದರೆ ನಾವು ಬೇರೆ ದಾರಿ ಹುಡುಕಿಟ್ಟುಕೊಳ್ಳುತ್ತೇವೆ. ಇದೆ ಎಂದು ನಂಬಿಕೊಂಡು, ಬೇಕಾದ ಗಳಿಗೆಯಲ್ಲಿ ಅದು ಹೊತ್ತದಿದ್ದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಹಾಗಾಗಿ ಕೊಳ್ಳುವಾಗಲೇ ಬ್ಯಾಟರಿಯನ್ನು ನಾವೇ ಬದಲಿಸಬಹುದಾದ ಸಾಮಾನನ್ನು ಆರಿಸಬೇಕು, ಇರುವುದನ್ನು ವರ್ಷಕ್ಕೊಮ್ಮೆ ತೆರೆದು ನೋಡಬೇಕು. ತೆರೆಯಬಾರದ್ದು ಯಾವುದು ಎಂಬುದೂ ತಿಳಿದಿರಬೇಕು.

ಎಲ್ಲವನ್ನೂ ಒಂದೆಡೆ ಹರಡಿ

ಬಿಡುವಿನ ಒಂದು ಮಧ್ಯಾಹ್ನ ಎಲ್ಲವನ್ನೂ ಒಣ ಚಾಪೆಯ ಮೇಲೆ ತಂದಿಡಿ: ಟಾರ್ಚು, ಹೆಡ್‌ಲೈಟು, ಚಾರ್ಜಿನ ಎಮರ್ಜೆನ್ಸಿ ಲೈಟು, ರೇಡಿಯೋ, ಬೋಟಿನ ವಿಎಚ್‌ಎಫ್ ವಾಕಿಟಾಕಿ, ಲೈಫ್ ಜಾಕೆಟ್ಟುಗಳು. ಮನೆಯಲ್ಲಿ ಹಿರಿಯರಿದ್ದರೆ ಗ್ಲುಕೋಮೀಟರ್ ಮತ್ತು ಬಿಪಿ ನೋಡುವ ಯಂತ್ರವನ್ನೂ ಸೇರಿಸಿ. ಹೋಮ್‌ಸ್ಟೇ ನಡೆಸುವವರು ಹೊಗೆ ಪತ್ತೆಹಚ್ಚುವ ಅಲಾರಮ್ಮನ್ನು ಮರೆಯಬೇಡಿ. ಒಂದೊಂದರಲ್ಲೂ ಯಾವ ಸೈಜಿನ ಸೆಲ್ಲು, ಎಷ್ಟು, ಹಾಕಿದ್ದು ಯಾವಾಗ, ಮೇಲೆ ಬರೆದ ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬರೆದುಕೊಳ್ಳಿ.

ಇಪಿಐಆರ್‌ಬಿಯನ್ನು ಮಾತ್ರ ಮಳೆಯಲ್ಲಿ ಕಳಚಿ ತರಬೇಡಿ. ಬೋಟು ಮುಳುಗಿದಾಗ ಉಪಗ್ರಹಕ್ಕೆ ಸಂದೇಶ ಕಳಿಸುವ ಈ ಪೆಟ್ಟಿಗೆ ತನ್ನ ಬ್ರ್ಯಾಕೆಟ್ಟಿನಲ್ಲಿ ಇರುವವರೆಗೆ ಸುಮ್ಮನಿರುತ್ತದೆ. ಬ್ರ್ಯಾಕೆಟ್ಟಿನಿಂದ ಹೊರಬಂದು ಮೈಮೇಲಿನ ಲೋಹದ ಬಿಂದುಗಳಿಗೆ ನೀರು ತಾಗಿತೋ, ಬೋಟು ಮುಳುಗಿತೆಂದೇ ತಿಳಿದು ಸಂದೇಶ ಶುರುಮಾಡುತ್ತದೆ. ಜುಲೈ ಮಳೆಗೆ, ಒದ್ದೆ ಕೈಗೆ ಇದು ಆಗಿಬಿಡುತ್ತದೆ. ಅಕಸ್ಮಾತ್ ಆದರೆ ತಕ್ಷಣ ಆಫ್ ಮಾಡಿ, ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಿ ತಪ್ಪಿ ಆನ್ ಆಯಿತೆಂದು ಹೇಳಿ. ಹೆದರಿ ಮುಚ್ಚಿಟ್ಟರೆ ಒಂದು ಹಡಗು ಸುಮ್ಮನೆ ಕಡಲಲ್ಲಿ ಹುಡುಕುತ್ತ ಇರುತ್ತದೆ.

ಹರಡಿದ ಸಾಮಾನು ಮೂರು ಗುಂಪಾಗುತ್ತದೆ. ಕೈಯಲ್ಲೇ ಮುಚ್ಚಳ ತೆಗೆದು ಅಂಗಡಿಯ ಸೆಲ್ಲು ಹಾಕುವಂಥವು ಒಂದು. ಸ್ಕ್ರೂ ಬಿಚ್ಚಿ ಕಂಪನಿಯದೇ ಬ್ಯಾಟರಿ ಪ್ಯಾಕ್ ಕೂರಿಸಬೇಕಾದವು ಇನ್ನೊಂದು. ಅಂಟು ಹಾಕಿ ಮುಚ್ಚಿದ, ನಾವು ತೆರೆಯಲೇಬಾರದಂಥವು ಮೂರನೆಯದು. ಯಾವುದು ಯಾವ ಗುಂಪು ಎನ್ನುವುದಕ್ಕೆ ಉಪಕರಣದ ಕೈಪಿಡಿಯೇ ಪ್ರಮಾಣ. ಸ್ಕ್ರೂ ಕಂಡಿತೆಂದ ಮಾತ್ರಕ್ಕೆ ತೆರೆಯಬಹುದು ಎಂದಲ್ಲ.

ಟಾರ್ಚು, ರೇಡಿಯೋ: ಸೆಲ್ಲಿನ ಆಯ್ಕೆ

ಆಪತ್ತಿಗೆಂದು ಇಡುವ ಟಾರ್ಚಿಗೆ ಅಗ್ಗದ ಝಿಂಕ್ ಕಾರ್ಬನ್ ಸೆಲ್ಲು ಬೇಡ. ಅದು ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಸರಿ. ಆಲ್ಕಲೈನ್ ಸೆಲ್ಲಿನ ಮೇಲೆ ಸಾಮಾನ್ಯವಾಗಿ ಹತ್ತು ವರ್ಷದವರೆಗಿನ ಅವಧಿ ಬರೆದಿರುತ್ತದೆ, ಆದರೆ ಟಾರ್ಚಿನೊಳಗೆ ಮರೆತುಬಿಟ್ಟರೆ ಅದೂ ಸೋರುತ್ತದೆ. ಚಾರ್ಜ್ ಮಾಡುವ ಸಾಮಾನ್ಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಬಳಸದೆ ಇಟ್ಟರೂ ತಿಂಗಳೊಳಗೆ ಕಾಲು ಭಾಗದಷ್ಟು ಚಾರ್ಜ್ ಕಳೆದುಕೊಳ್ಳಬಲ್ಲದು. ದಿನವೂ ಬಳಸುವುದಕ್ಕೆ ಒಳ್ಳೆಯದು, ಕಾದು ಕೂರುವ ಕೆಲಸಕ್ಕೆ ಆಗದು. ನನ್ನ ಮಾತು ಕೇಳುವುದಾದರೆ ಆಪತ್ತಿನ ಟಾರ್ಚಿಗೆ 1.5 ವೋಲ್ಟಿನ ಲಿಥಿಯಂ ಎಎ ಸೆಲ್ಲು ಹಾಕಿ. ಬೆಲೆ ಹೆಚ್ಚು, ಆದರೆ ಇಪ್ಪತ್ತು ವರ್ಷದವರೆಗೆ ಇಡಬಹುದು, ಸೋರುವುದು ತೀರ ಅಪರೂಪ, ತೂಕವೂ ಕಡಿಮೆ. ಹೊಸದರಲ್ಲಿ ಇದು 1.7 ವೋಲ್ಟಿಗಿಂತ ಹೆಚ್ಚು ತೋರಿಸುವುದರಿಂದ ನಿಮ್ಮ ಟಾರ್ಚಿಗೆ ನಡೆಯುತ್ತದೆಯೇ ಎಂದು ಕೈಪಿಡಿಯಲ್ಲಿ ಒಮ್ಮೆ ನೋಡಿ.

ಹಳೆಯದು ಹೊಸದು ಬೆರಸಬೇಡಿ, ಬೇರೆ ಬೇರೆ ಕಂಪನಿಯದೂ ಬೇಡ. ನಾಲ್ಕರಲ್ಲಿ ಒಂದು ಸೆಲ್ಲು ಸೋತರೆ ಉಳಿದ ಮೂರೂ ಅದರ ಮೂಲಕ ಬಲವಂತವಾಗಿ ಕರೆಂಟು ತಳ್ಳಿ ಅದರ ಪ್ಲಸ್ಸು ಮೈನಸ್ಸನ್ನೇ ಉಲ್ಟಾ ಮಾಡಬಲ್ಲವು. ಸೋರಿಕೆ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಮಲ್ಟಿಮೀಟರ್ ಇದ್ದರೆ ಆಲ್ಕಲೈನ್ ಸೆಲ್ಲನ್ನು ಅಳೆಯಿರಿ. ಹೊಸದು 1.5ರಿಂದ 1.6 ವೋಲ್ಟ್ ತೋರಿಸುತ್ತದೆ. 1.3ಕ್ಕಿಂತ ಕೆಳಗಿಳಿದದ್ದನ್ನು ಆಪತ್ತಿನ ಕೆಲಸದಿಂದ ತೆಗೆದು ಗಡಿಯಾರಕ್ಕೆ ಹಾಕಿ. ಲಿಥಿಯಂ ಸೆಲ್ಲಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಮುಗಿಯುವ ಹೊತ್ತಿನವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸಿ, ಆಮೇಲೆ ಥಟ್ಟನೆ ಕುಸಿಯುತ್ತದೆ. ಮೀಟರಿನಲ್ಲಿ ವೋಲ್ಟೇಜ್ ಚೆನ್ನಾಗಿ ಕಂಡಿತೆಂದು ಲಿಥಿಯಂ ಬ್ಯಾಟರಿಗೆ ಸರ್ಟಿಫಿಕೇಟ್ ಕೊಡಬೇಡಿ. ಅದಕ್ಕೆ ತಾರೀಖು ನೋಡಿಯೇ ನಡೆಯಬೇಕು.

ಈಗಾಗಲೇ ಸೋರಿರುವ ಟಾರ್ಚನ್ನು ಎಸೆಯಬೇಕಿಲ್ಲ. ಸ್ಪ್ರಿಂಗಿನ ಸುತ್ತ ಬಿಳಿ ಪುಡಿ ಹರಳುಗಟ್ಟಿರುತ್ತದೆ. ಆಲ್ಕಲೈನ್ ಸೆಲ್ಲಿನಿಂದ ಬಂದದ್ದಾದರೆ ಅದು ಕ್ಷಾರ, ಚರ್ಮ ಸುಡುತ್ತದೆ. ಕೈಗೆ ಗ್ಲೌಸ್ ಹಾಕಿ, ಮುಖ ಹತ್ತಿರ ಒಯ್ಯದೆ, ಟಾರ್ಚನ್ನು ಬಗ್ಗಿಸಿ ಒಣಪುಡಿಯನ್ನು ಕಾಗದದ ಮೇಲೆ ಕೆಡವಿ. ಕಿವಿ ಒರೆಸುವ ಹತ್ತಿಕಡ್ಡಿಯ ತುದಿಗೆ ವಿನೆಗರ್ ಅಥವಾ ಲಿಂಬೆರಸ ತಾಗಿಸಿ ಸ್ಪ್ರಿಂಗಿನ ಬುಡಕ್ಕೆ ಒತ್ತಿ. ಸಣ್ಣಗೆ ನೊರೆ ಬಂದು ನಿಲ್ಲುತ್ತದೆ. ಕಡ್ಡಿ ಬದಲಿಸಿ ಇನ್ನೊಮ್ಮೆ, ನೊರೆ ಬರುವುದು ನಿಲ್ಲುವವರೆಗೆ. ಅಗ್ಗದ ಝಿಂಕ್ ಕಾರ್ಬನ್ ಸೆಲ್ಲು ಸೋರಿದ್ದರೆ ಅದು ಆಮ್ಲದ ಕಡೆಯದು, ಅದಕ್ಕೆ ನೀರಲ್ಲಿ ಕದಡಿದ ಅಡುಗೆ ಸೋಡ ಬೇಕು. ಬಳಿಕ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ಕೊನೆಗೆ ಸ್ಪಿರಿಟ್ಟಿನಿಂದ ಒರೆಸಿ. ತುಕ್ಕು ಉಳಿದಿದ್ದರೆ ನಯವಾದ ಪಾಲಿಶ್ ಕಾಗದದಿಂದ ಲೋಹ ಹೊಳೆಯುವಷ್ಟು ಮಾತ್ರ ಉಜ್ಜಿ. ನಮ್ಮ ಮಳೆಗಾಲದ ಗಾಳಿಯಲ್ಲಿ ಏನೂ ತಾನಾಗಿ ಒಣಗುವುದಿಲ್ಲ, ಒಂದು ರಾತ್ರಿ ಫ್ಯಾನಿನ ಕೆಳಗೆ ತೆರೆದಿಟ್ಟು ಆಮೇಲೆ ಸೆಲ್ಲು ಹಾಕಿ.

ಸೆಲ್ಲನ್ನು ಒಳಗೇ ಇಡಬೇಕೇ, ಹೊರಗೇ? ಒಳಗಿದ್ದರೆ ಸೋರುವ ಭಯ, ಹೊರಗಿದ್ದರೆ ಕತ್ತಲಲ್ಲಿ ಪ್ಲಸ್ಸು ಮೈನಸ್ಸು ತಡಕಾಡುವ ಪಾಡು. ಒಂದು ಸುಲಭ ಉಪಾಯವಿದೆ. ಗಟ್ಟಿ ಪ್ಲಾಸ್ಟಿಕ್ಕಿನ ಸಪೂರ ಪಟ್ಟಿಯನ್ನು ಕೊನೆಯ ಸೆಲ್ಲು ಮತ್ತು ಸ್ಪ್ರಿಂಗಿನ ನಡುವೆ ಸಿಕ್ಕಿಸಿ, ತುದಿ ಹೊರಗೆ ಬಿಡಿ. ಪಟ್ಟಿ ಇರುವವರೆಗೆ ಕರೆಂಟು ಹರಿಯದು, ಒತ್ತುವ ಸ್ವಿಚ್ಚಿನ ಎಲ್‌ಇಡಿ ಟಾರ್ಚುಗಳು ಆಫ್ ಇದ್ದಾಗಲೂ ಕುಡಿಯುವ ಚೂರು ಕರೆಂಟೂ ನಿಲ್ಲುತ್ತದೆ. ಬೇಕಾದಾಗ ಎಳೆದರೆ ಸಾಕು. ನೀರು ನುಗ್ಗದ ಟಾರ್ಚಿಗೆ ಇದು ಆಗದು, ಪಟ್ಟಿ ಇದ್ದಲ್ಲಿ ಮುಚ್ಚಳ ಬಿಗಿಯಾಗುವುದಿಲ್ಲ. ಅದಕ್ಕೆ ಲಿಥಿಯಂ ಸೆಲ್ಲೇ ಗತಿ.

ಸೆಲ್ಲಿನ ರೇಡಿಯೋ ಒಂದಿರಲಿ ಎಂದು ಒತ್ತಿ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು, ಜೀವಗಳು ಹೋದವು, ಗಂಗಾವಳಿಯಲ್ಲಿ ದಿನಗಟ್ಟಲೆ ಹುಡುಕಾಟ ನಡೆಯಿತು. ಅಂಥ ಹೊತ್ತಿನಲ್ಲಿ ರಸ್ತೆ, ಕರೆಂಟು, ಮೊಬೈಲ್ ಟವರು ಮೂರೂ ಒಟ್ಟಿಗೆ ಕೈಕೊಡಬಹುದು. ಆಗ ಮನೆಯೊಳಗೆ ಸುದ್ದಿ ತರುವುದು ಎರಡು ಸೆಲ್ಲಿನ ರೇಡಿಯೋ.

ಚಾರ್ಜಿನ ಎಮರ್ಜೆನ್ಸಿ ಲೈಟು

ಹಳೆಯ ಮಾದರಿಯ ಲೈಟುಗಳಲ್ಲಿ 4 ಅಥವಾ 6 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ಇದು ಸಾಯುವುದು ಖಾಲಿಯಾಗಿ ಬಿದ್ದಿದ್ದರಿಂದ. ಕರೆಂಟು ಹೋದಾಗ ಬಳಸಿ, ಆಮೇಲೆ ಚಾರ್ಜಿಗೆ ಹಾಕದೆ ಅಟ್ಟದಲ್ಲಿಟ್ಟರೆ ಒಳಗಿನ ತಗಡಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಬದಲಿಸುವುದು ಸುಲಭ: ಪ್ಲಗ್ ತೆಗೆಯಿರಿ, ಹಿಂದಿನ ಸ್ಕ್ರೂ ಬಿಚ್ಚಿ, ಕೆಂಪು ಕಪ್ಪು ವಯರು ಎಲ್ಲೆಲ್ಲಿ ಕೂತಿವೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಅದೇ ವೋಲ್ಟೇಜ್, ಅದೇ ಅಳತೆಯ ಹೊಸದನ್ನು ಕೂರಿಸಿ. ಹಳೆಯ ಬ್ಯಾಟರಿಯನ್ನೇ ಅಂಗಡಿಗೆ ಒಯ್ದು ತೋರಿಸಿದರೆ ಗೊಂದಲವಿಲ್ಲ. ಹೊಸ ಲೈಟುಗಳಲ್ಲಿ, ಕರೆಂಟು ಹೋದರೂ ಉರಿಯುವ ಬಲ್ಬುಗಳಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಅದನ್ನು ಮನೆಯಲ್ಲಿ ಕೆದಕಬೇಡಿ. ಚುಚ್ಚಿದರೆ, ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಉಬ್ಬಿದ್ದು ಕಂಡರೆ ಆ ದಿನವೇ ಮನೆಯಿಂದ ಹೊರಗಿಡಿ.

ಹೊಗೆಯ ಅಲಾರಮ್ ಆಗಾಗ ಚಿಲಿಪಿಲಿ ಎಂದರೆ ಸಾಮಾನ್ಯವಾಗಿ ಅದರ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ಅರ್ಥ. ಸದ್ದು ತಾಳದೆ ಬ್ಯಾಟರಿ ಕಿತ್ತಿಟ್ಟು ಮರೆಯುವವರೇ ಹೆಚ್ಚು. ಹೊಸದು ಹಾಕಿ, ಬಟನ್ ಒತ್ತಿ ನೋಡಿ. ಹತ್ತು ವರ್ಷವಾದ ಅಲಾರಮ್ಮನ್ನು ಇಡಿಯಾಗಿ ಬದಲಿಸಿ, ಬ್ಯಾಟರಿ ಎಷ್ಟೇ ಹೊಸದಿರಲಿ.

ಲೈಫ್ ಜಾಕೆಟ್ ದೀಪ, ವಾಕಿಟಾಕಿ

ಲೈಫ್ ಜಾಕೆಟ್ ದೀಪದಲ್ಲಿ ಎರಡು ಬಗೆ. ಒಂದು ನೀರು ತಾಗಿದೊಡನೆ ಸೆನ್ಸರ್ ಎಚ್ಚೆತ್ತು ಒಳಗಿನ ಸೆಲ್ಲಿನಿಂದ ಉರಿಯುತ್ತದೆ. ಇನ್ನೊಂದಕ್ಕೆ ಸಮುದ್ರದ ನೀರು ಒಳಹೊಕ್ಕಾಗಲೇ ಬ್ಯಾಟರಿಗೆ ಜೀವ ಬರುವುದು. ಈ ಎರಡನೆಯದನ್ನು ಬಕೆಟ್ಟಿನಲ್ಲಿ ಅದ್ದಿ ಪರೀಕ್ಷಿಸಿದರೆ ಅಲ್ಲಿಗೇ ಅದರ ಕೆಲಸ ಮುಗಿಯಿತು. ಹಾಗಾಗಿ ಮೊದಲು ಮೈಮೇಲಿನ ಬರಹ ಓದಿ. ಹಡಗುಗಳ ಅಂತರರಾಷ್ಟ್ರೀಯ ನಿಯಮದಂತೆ ಈ ದೀಪ ಕನಿಷ್ಠ 8 ಗಂಟೆ ಉರಿಯಬೇಕು, ಅಂದರೆ ಸಂಜೆ ಬಿದ್ದವನಿಗೆ ನಡುರಾತ್ರಿ ದಾಟುವವರೆಗೆ ಬೆಳಕು. ಅವಧಿ ಮುಗಿದ ದೀಪವನ್ನು ಬಿಚ್ಚಿ ಹೊಸ ದೀಪವನ್ನೇ ಕಟ್ಟಬೇಕು, ಒಳಗಿನ ಸೆಲ್ಲು ಬದಲಿಸುವ ಗೊಡವೆಗೆ ಹೋಗಬೇಡಿ.

ವಿಎಚ್‌ಎಫ್ ವಾಕಿಟಾಕಿ ಕೊಳ್ಳುವಾಗ ಚಾರ್ಜಿನ ಬ್ಯಾಟರಿಯ ಜಾಗದಲ್ಲಿ ಪೆನ್ ಸೆಲ್ಲು ಕೂರಿಸುವ ಬೇರೆ ಟ್ರೇ ಸಿಗುತ್ತದೆಯೇ ಎಂದು ಕೇಳಿ. ಎಂಜಿನ್ ನಿಂತು ಚಾರ್ಜರ್ ಸತ್ತಾಗ ಆಪತ್ತಿನ ಕರೆಗೆಂದಿರುವ ಚಾನೆಲ್ 16ರಲ್ಲಿ ಕೂಗಿ ಕರೆಯಲು ಆ ಟ್ರೇ ಒಂದೇ ಆಸರೆ. ಸೆಲ್ಲುಗಳನ್ನು ಪ್ಯಾಕೆಟ್ ಒಡೆಯದೆ ಟ್ರೇ ಜತೆ ನೀರು ಹೋಗದ ಚೀಲದಲ್ಲಿಡಿ. ರಜೆಯ ಎರಡು ತಿಂಗಳು ಲಿಥಿಯಂ ಅಯಾನ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿಯಾಗಿಯೂ ಇಡಬೇಡಿ. ಅರ್ಧ ಚಾರ್ಜಿನಲ್ಲಿ, ಮನೆಯೊಳಗೆ ತಂಪಾದ ಕಡೆ ಇಟ್ಟು ಹೊರಡುವ ಮುನ್ನ ತುಂಬಿಸಿ.

ಇಪಿಐಆರ್‌ಬಿ: ನಿಧಾನವಾಗಿ ಮಾಡುವ ಕೆಲಸ

ಇಪಿಐಆರ್‌ಬಿ 406 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ ಸಂದೇಶವನ್ನು ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ಜಾಲದ ಉಪಗ್ರಹಗಳು ಹಿಡಿಯುತ್ತವೆ. ನಮ್ಮ ದೇಶದಲ್ಲಿ ಅದು ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರಕ್ಕೆ ಬಂದು, ಪಶ್ಚಿಮ ಕರಾವಳಿಯದಾದರೆ ಕರಾವಳಿ ಕಾವಲು ಪಡೆಯ ಮುಂಬಯಿ ಕೇಂದ್ರಕ್ಕೆ ಹೋಗುತ್ತದೆ. ಮೀನುಗಾರರಿಗೆಂದು ಇಸ್ರೋ ರೂಪಿಸಿದ ಆಪತ್ಸಂದೇಶದ ಉಪಕರಣ ಡ್ಯಾಟ್‌ನ ಸಂದೇಶ ಕೂಡ ಉಪಗ್ರಹದ ಮೂಲಕವೇ ಬೆಂಗಳೂರಿಗೆ ತಲುಪುತ್ತದೆ. ಅದರ ಎರಡನೇ ತಲೆಮಾರಿನ ಉಪಕರಣಕ್ಕೆ ಸಂದೇಶ ಮುಟ್ಟಿತೆಂಬ ಉತ್ತರವೂ ಮರಳಿ ಬರುತ್ತದೆ. ಈ ಸರಪಳಿಯಲ್ಲಿ ನಮ್ಮ ಪಾಲಿನ ಕೊಂಡಿ ಎಂದರೆ ಬ್ಯಾಟರಿ.

ಇಪಿಐಆರ್‌ಬಿ ಒಮ್ಮೆ ಶುರುವಾದರೆ ಕನಿಷ್ಠ 48 ಗಂಟೆ ಸಂದೇಶ ಕಳಿಸಬೇಕೆಂಬುದು ನಿಯಮ. ಮೈಮೇಲೆ ಬರೆದ ಬ್ಯಾಟರಿ ತಾರೀಖನ್ನು ಲೆಕ್ಕ ಹಾಕಿರುವುದೇ ಹೀಗೆ: ಅಷ್ಟು ವರ್ಷ ಸುಮ್ಮನೆ ಕೂತು, ಆಗಾಗ ಪರೀಕ್ಷೆಗೆ ಖರ್ಚಾಗಿಯೂ ಕೊನೆಯ ದಿನ 48 ಗಂಟೆಗೆ ಸಾಲುವಷ್ಟು ಉಳಿದಿರಬೇಕು. ತಾರೀಖು ದಾಟಿದರೂ ಟೆಸ್ಟ್ ಬಟನ್ ಒತ್ತಿದಾಗ ಹಸಿರು ದೀಪ ಬರಬಹುದು. ಕೆಲವು ಸೆಕೆಂಡಿನ ಪರೀಕ್ಷೆ ಗೆದ್ದ ಬ್ಯಾಟರಿ ಎರಡು ಹಗಲು ಎರಡು ರಾತ್ರಿ ಬಾಳುತ್ತದೆ ಎಂದು ಅದರಿಂದ ತಿಳಿಯುವುದಿಲ್ಲ. ಒಮ್ಮೆ ನಿಜವಾಗಿ ಆನ್ ಆದ ಪೆಟ್ಟಿಗೆಗೂ, ತಾರೀಖು ಎಷ್ಟೇ ದೂರವಿರಲಿ, ಹೊಸ ಬ್ಯಾಟರಿ ಬೇಕು. ಟೆಸ್ಟ್ ಕೂಡ ಬ್ಯಾಟರಿ ತಿನ್ನುತ್ತದೆ, ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚು ಸಲ ಒತ್ತಬೇಡಿ. ಜಿಪಿಎಸ್ ಟೆಸ್ಟ್ ಅಂತೂ ಹಲವು ಮಾದರಿಗಳಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ.

ಕೆಲವು ಮಾದರಿಗಳ ಬ್ಯಾಟರಿಯನ್ನು ಕೊಂಡವರೇ ಬದಲಿಸಬಹುದು, ಕೆಲವನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಕಳಿಸಬೇಕು. ನಿಮ್ಮ ಕೈಪಿಡಿ ನೀವೇ ಬದಲಿಸಬಹುದು ಎಂದಿದ್ದರೆ ಮಾತ್ರ ಮುಂದಿನದು.

1. ಅದೇ ಮಾದರಿಯ ಮೂಲ ಬ್ಯಾಟರಿ ಕಿಟ್ ತರಿಸಿ. ಪ್ಯಾಕಿನ ಜತೆ ಹೊಸ ರಬ್ಬರ್ ರಿಂಗ್, ಹೊಸ ತಾರೀಖಿನ ಚೀಟಿ ಇವೆಯೇ ನೋಡಿ. ಅದೇ ವೋಲ್ಟಿನ ಬೇರೆ ಸೆಲ್ಲುಗಳನ್ನು ಬೆಸೆದು ಕೂರಿಸಿಕೊಡುತ್ತೇವೆ ಎನ್ನುವವರಿಗೆ ಕೊಡಬೇಡಿ. ತೂಕ ಹೆಚ್ಚುಕಡಿಮೆಯಾದರೆ ಪೆಟ್ಟಿಗೆ ಆಂಟೆನಾ ಮೇಲೆ ಮಾಡಿ ನೆಟ್ಟಗೆ ತೇಲುವುದಿಲ್ಲ, ಪ್ಯಾಕಿನೊಳಗಿನ ಫ್ಯೂಸು ಇಲ್ಲದಿದ್ದರೆ ಲಿಥಿಯಂ ಸೆಲ್ಲು ಸಿಡಿಯಲೂಬಹುದು.

2. ಬೋಟಿನಲ್ಲಿ ಕೂತು ಮಾಡಬೇಡಿ. ಮನೆಯೊಳಗೆ, ಒಣ ಮೇಜಿನ ಮೇಲೆ, ಕೈ ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಂಡು ಕೂರಿ. ಪೆಟ್ಟಿಗೆಯ ಹೊರಮೈಯ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ನೀರಿನ ಸೆನ್ಸರಿನ ಬಿಂದುಗಳನ್ನು ಬಿಟ್ಟು ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ.

3. ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹಳೆಯ ಪ್ಯಾಕಿನ ಕನೆಕ್ಟರನ್ನು ಹಿಡಿದು ಎಳೆಯಿರಿ, ವಯರನ್ನು ಹಿಡಿದಲ್ಲ.

4. ಹಳೆಯ ರಬ್ಬರ್ ರಿಂಗ್ ತೆಗೆದು, ಅದು ಕೂತಿದ್ದ ಸಂದನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಮೊಬೈಲಿನ ಟಾರ್ಚ್ ಅಡ್ಡಡ್ಡ ಹಿಡಿದು ನೋಡಿದರೆ ಒಂದು ಕೂದಲೆಳೆ, ಒಂದು ಮರಳ ಕಣವೂ ಕಾಣುತ್ತದೆ. ಆ ಕೂದಲೆಳೆಯಷ್ಟು ಜಾಗ ಸಾಕು ನೀರು ನುಗ್ಗಲು. ಹೊಸ ರಿಂಗಿಗೆ ಸಿಲಿಕೋನ್ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ. ಎಂಜಿನ್ ಗ್ರೀಸ್, ತೆಂಗಿನೆಣ್ಣೆ, ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬಿ ಹಾಳಾಗುತ್ತವೆ. ರಿಂಗ್ ತಿರುಚಿಕೊಳ್ಳದೆ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ.

5. ಹೊಸ ಪ್ಯಾಕ್ ಸಿಕ್ಕಿಸಿ, ಮುಚ್ಚಿ, ಸ್ಕ್ರೂಗಳನ್ನು ಅದೇ ಎದುರುಬದುರು ಕ್ರಮದಲ್ಲಿ ಬಿಗಿಮಾಡಿ. ಒಂದು ಕಡೆ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಬಾಯಿಬಿಡುತ್ತದೆ. ಬ್ಯಾಟರಿ ಬಳಕೆಯ ಲೆಕ್ಕವನ್ನು ಸೊನ್ನೆಗೆ ತರಬೇಕಾದ ಮಾದರಿಯಾದರೆ ಅದನ್ನೂ ಮಾಡಿ.

6. ಒಂದೇ ಒಂದು ಸಲ ಸೆಲ್ಫ್ ಟೆಸ್ಟ್ ಮಾಡಿ, ಹೊಸ ತಾರೀಖಿನ ಚೀಟಿ ಅಂಟಿಸಿ, ಬ್ರ್ಯಾಕೆಟ್ಟಿನಲ್ಲಿ ಕೂರಿಸಿ.

ಹೊಸ ಬ್ಯಾಟರಿ ಹಾಕಿಯೂ ಮೊದಲ ಟೆಸ್ಟ್ ಸೋತರೆ ಗಾಬರಿಯಾಗಬೇಡಿ. ಕೆಲವು ಬಗೆಯ ಲಿಥಿಯಂ ಬ್ಯಾಟರಿಗಳು ಬಹುಕಾಲ ಸುಮ್ಮನಿದ್ದಾಗ ಒಳಗಿನ ಲಿಥಿಯಂ ಮೇಲೆ ತೆಳುಪೊರೆ ಕಟ್ಟಿರುತ್ತದೆ. ಅಷ್ಟು ವರ್ಷ ಚಾರ್ಜ್ ಉಳಿಸುವುದೂ ಆ ಪೊರೆಯೇ, ಮೊದಲ ಗಳಿಗೆಯಲ್ಲಿ ಕರೆಂಟನ್ನು ತಡೆಯುವುದೂ ಅದೇ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಒತ್ತಿ. ಎರಡನೇ ಸಲವೂ ಸೋತರೆ ಕಂಪನಿಗೆ ಕಳಿಸಿ.

ಬ್ರ್ಯಾಕೆಟ್ಟಿನಲ್ಲಿ, ಬೋಟು ಮುಳುಗಿದಾಗ ನೀರಿನ ಒತ್ತಡಕ್ಕೆ ತಾನಾಗಿ ಬಿಟ್ಟುಕೊಳ್ಳುವ ಬಿಡಿಭಾಗವೊಂದಿರುತ್ತದೆ. ಅದರ ಆಯುಷ್ಯ ಸಾಮಾನ್ಯವಾಗಿ ಎರಡೇ ವರ್ಷ. ಬ್ಯಾಟರಿ ಹೊಸದಾಗಿ, ಇದು ಹಳೆಯದಾಗಿದ್ದರೆ ಪೆಟ್ಟಿಗೆ ಬೋಟಿನ ಜತೆಗೇ ತಳ ಸೇರುತ್ತದೆ.

ಕೊಳ್ಳುವ ಮುನ್ನ ಕೇಳಬೇಕಾದ್ದು

ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನಂತೆ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಉಪಕರಣಗಳ ಸಣ್ಣ ಬ್ಯಾಟರಿಗಳನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು. ಮುಖ್ಯವಾಗಿ ನೀರಿನಲ್ಲೇ ಕೆಲಸ ಮಾಡುವ, ತೊಳೆಯಬಹುದಾದ ಕೆಲವು ಉಪಕರಣಗಳಿಗೆ ವಿನಾಯಿತಿ ಇದೆ, ಅವನ್ನು ಕೆಲಸ ಬಲ್ಲ ರಿಪೇರಿಯವರು ಬದಲಿಸುವಂತಿದ್ದರೆ ಸಾಕು. ಈ ವಿನಾಯಿತಿ ನನಗೆ ಸರಿ ಎನಿಸುತ್ತದೆ, ಜೀವ ಉಳಿಸುವ ಪೆಟ್ಟಿಗೆಯಲ್ಲಿ ನೀರು ನಿಲ್ಲಿಸುವುದು ಮೊದಲು. ಆದರೆ ಒಣ ಜಾಗದಲ್ಲೇ ಇರುವ ಟಾರ್ಚು, ದೀಪ, ಅಲಾರಮ್ಮುಗಳಿಗೆ ಅಂಟು ಹಾಕಿ ಮುಚ್ಚುವುದಕ್ಕೆ ಯಾವ ಕಾರಣವೂ ಇಲ್ಲ. ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ ನೋಡಿ. ಬ್ಯಾಟರಿ ಹೊರಬರುತ್ತದೆಯೇ? ಆ ಸೈಜು ಕುಮಟೆ, ಶಿರಸಿ ಪೇಟೆಯಲ್ಲಿ ಸಿಗುತ್ತದೆಯೇ? ಇಪಿಐಆರ್‌ಬಿಯಾದರೆ ಹೊಸ ಪ್ಯಾಕಿಗೆ ಎಷ್ಟು, ಎಷ್ಟು ದಿನದಲ್ಲಿ ಬರುತ್ತದೆ ಎಂದು ಬಿಲ್ಲು ಕೊಡುವ ಮುನ್ನವೇ ಕೇಳಿ. ಬೋಟಿಗೂ ಮನೆಗೂ ಆದಷ್ಟು ಎಎ ಸೆಲ್ಲಿನ ಸಾಮಾನುಗಳನ್ನೇ ಕೊಂಡರೆ ಒಂದೇ ಪ್ಯಾಕೆಟ್ ಎಲ್ಲಕ್ಕೂ ಆಗುತ್ತದೆ.

ತೆಗೆದ ಬ್ಯಾಟರಿಗಳ ಗತಿ

ಲಿಥಿಯಂ ಸೆಲ್ಲಿನ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಬ್ಯಾಟರಿಯನ್ನು ಮನೆ ಕಸದಿಂದ ಬೇರೆಯಾಗಿಯೇ ಕೊಡಬೇಕು, ವಾಪಸ್ ಪಡೆದು ಮರುಬಳಕೆ ಮಾಡಿಸುವ ಹೊಣೆ ತಯಾರಕರದು. ತೋಟದ ಸೋಗೆ ಸುಡುವ ಬೆಂಕಿಗೆ ಹಾಕಬೇಡಿ, ಸೆಲ್ಲು ಸಿಡಿಯುತ್ತದೆ. ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಡಿ.

ಗ್ಲುಕೋಮೀಟರಿನ ಬಿಲ್ಲೆ ಸೆಲ್ಲುಗಳನ್ನು ಮಕ್ಕಳ ಕೈಗೆ ಎಟುಕದಂತೆ ಎತ್ತಿಡಿ, ಮುಗಿದವನ್ನೂ ಸಹ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಮಾಡುತ್ತದೆ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ದೊಡ್ಡ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿ.

ಹಳೆಯ ಇಪಿಐಆರ್‌ಬಿಯನ್ನು ಇಡಿಯಾಗಿ ಗುಜರಿಗೆ ಹಾಕುವವರಿದ್ದಾರೆ. ಗುಜರಿ ರಾಶಿಯಲ್ಲಿ ಮಳೆ ಬಿದ್ದರೆ ಅದು ಅಲ್ಲಿಂದಲೇ ಬೋಟು ಮುಳುಗುತ್ತಿದೆ ಎಂದು ಕೂಗುತ್ತದೆ, ನಿಮ್ಮದೇ ಹೆಸರಿನಲ್ಲಿ. ಕೊಡುವ ಮುನ್ನ ಬ್ಯಾಟರಿ ಕಳಚಿಸಿ, ಬೆಂಗಳೂರಿನ ಕೇಂದ್ರದಲ್ಲಿ ಅದರ ನೋಂದಣಿ ರದ್ದು ಮಾಡಿಸಿ. ಬೋಟು ಮಾರುವವರೂ ನೋಂದಣಿಯನ್ನು ಹೊಸ ಮಾಲೀಕರ ಹೆಸರಿಗೆ, ಅವರ ಫೋನ್ ನಂಬರಿಗೆ ಬದಲಿಸಿಕೊಡಿ.